ಈಶಾನ್ಯ ಮೂಲೆಯ ಚೊಂಬು

ಭದ್ರಾವತಿಯ ಉಮಾಮಹೇಶ್ವರ ಭಟ್ಟರನ್ನು ಊರು ಗುದ್ದಲಿ ಭಟ್ಟರೆಂದೇ ಕರೆಯುತ್ತಿತ್ತು. ಚರಂಡಿಯಿರಲಿ, ಸಮುದಾಯ ಭವನವಿರಲಿ, ಸರ್ಕಾರದ ಯಾವ ಕೆಲಸಕ್ಕೆ ಗುದ್ದಲಿ ಪೂಜೆಯಾದರೂ ಮಂತ್ರ ಅವರದೇ. ಅವರ ವೋಟು ಬಲಪಂಥದವರಿಗೆ, ದಕ್ಷಿಣೆ ಮಾತ್ರ ಎಡ ಬಲ ಎರಡೂ ಕಡೆಯಿಂದ. "ಭೂಮಿತಾಯಿಗೆ ಪಕ್ಷ ಇಲ್ಲ ಮಾರಾಯ" ಎಂದು ನಗುತ್ತಿದ್ದರು. ಹೊಟ್ಟೆ ತುಂಬಿದವರು ಹೇಳುವ ಮಾತು ಅದು.

ಹೆಂಡತಿ ಸೀತಾಲಕ್ಷ್ಮಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆ ನಗು ನಿಂತಿತು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಶಿವಮೊಗ್ಗದಲ್ಲಿ ಡಯಾಲಿಸಿಸ್ ಮಾಡಿಸಬೇಕು. ಅಲ್ಲೇ ರವೀಂದ್ರನಗರದಲ್ಲಿದ್ದ ಅವಳ ತಂಗಿ ವೇದಾವತಿ, "ಭಾವ, ನಮ್ಮನೆ ಮಹಡಿ ಖಾಲಿ ಇದೆ. ಇಬ್ರೂ ಬಂದ್ಬಿಡಿ, ಆಸ್ಪತ್ರೆ ಹತ್ರ" ಎಂದು ಬೇಡಿಕೊಂಡಳು. ಅಷ್ಟರಲ್ಲಿ ಚುನಾವಣೆ ಹತ್ತಿರ ಬಂತು. ಆಗ ಅಧಿಕಾರದಲ್ಲಿದ್ದ ಬಲದವರ ಮುಖಂಡ ವೀರೇಂದ್ರ, ಭಟ್ಟರ ಮನೆಯ ಹಿಂದಿನ ಖಾಲಿ ಜಾಗದಲ್ಲೇ ಡಯಾಲಿಸಿಸ್ ಕೇಂದ್ರ ಕಟ್ಟಿಸುತ್ತೇನೆಂದು ಸಾರಿದ. ಮುಹೂರ್ತ ಇಟ್ಟವರು ಭಟ್ಟರೇ.

ಪೂಜೆಯ ದಿನ ಗುಂಡಿಯಲ್ಲಿ ಹೂಳುವ ತಾಮ್ರದ ಚೊಂಬನ್ನು ಕಂಟ್ರಾಕ್ಟರ್ ತರಲು ಮರೆತಿದ್ದ. ಸೀತಾಲಕ್ಷ್ಮಿ, ತವರಿನವರು ಮದುವೆಗೆ ಹೆಸರು ಕೆತ್ತಿಸಿ ಕೊಟ್ಟಿದ್ದ ತನ್ನ ಚೊಂಬನ್ನೇ ಹುಣಸೆಹಣ್ಣು ಹಾಕಿ ಬೆಳಗಿ ಕೊಟ್ಟಳು. "ತಗೊಂಡ್ಹೋಗಿ. ಅಲ್ಲಿ ಆಸ್ಪತ್ರೆ ಎದ್ರೆ ನಾನು ನಡ್ಕೊಂಡೇ ಹೋಗ್ಬರ್ತೀನಿ."

ಭಟ್ಟರು ಅದಕ್ಕೆ ನವಧಾನ್ಯ ತುಂಬಿ ಈಶಾನ್ಯ ಮೂಲೆಯಲ್ಲಿ ಇಳಿಸಿದರು. ಸಂಜೆ ವೇದಾವತಿಗೆ ಫೋನು ಮಾಡಿ, ಬರುವುದಿಲ್ಲ ಎಂದುಬಿಟ್ಟರು. ಹೆಂಡತಿಗೂ ಹೇಳಿದರು: "ಆರು ತಿಂಗಳು ತಡ್ಕೋ ಮಾರಾಯ್ತಿ. ನಾನೇ ಇಟ್ಟ ಮುಹೂರ್ತ, ಆಗ್ದೇ ಇರುತ್ತಾ?" ಪಾಪ, ಅವಳು ನಂಬಿದಳು.

ಆಗಲಿಲ್ಲ. ಆ ದುಡ್ಡು ಹೆದ್ದಾರಿಯ ಸ್ವಾಗತ ಕಮಾನಿಗೆ ಹೋಯಿತು. ಸರ್ಕಾರ ಬದಲಾಯಿತು. ಗೆದ್ದ ಕಡೆಯ ಜನಾರ್ದನ, ಕಾರ್ಖಾನೆ ಗೇಟಿನಲ್ಲಿ ಘೋಷಣೆ ಕೂಗಿ ಬೆಳೆದ ಎಡದವನು, "ಹಿಂದಿನೋರು ಖಜಾನೆ ಗುಡಿಸಿ ಹೋಗಿದ್ದಾರೆ ಭಟ್ರೇ, ಅವರಿಗೆ ವಿಮಾನ ನಿಲ್ದಾಣ ಬೇಕಿತ್ತು. ನಾವು ನೋಡಿ, ಅಮ್ಮನೋರಿಗೆ ಬಸ್ಸೇ ಫ್ರೀ ಮಾಡಿದೀವಿ" ಎಂದ. ವೀರೇಂದ್ರನನ್ನು ಕೇಳಿದರೆ, "ಎಲ್ಲಾ ಪುಕ್ಕಟೆ ಹಂಚಿದ್ರೆ ಆಸ್ಪತ್ರೆಗೆ ದುಡ್ಡೆಲ್ಲಿಂದ ಬರುತ್ತೆ ಸ್ವಾಮೀ?" ಎಂದ. ಆಹಾ, ಏನು ನ್ಯಾಯ! ಇಬ್ಬರ ಬಾಯಲ್ಲೂ ಉತ್ತರವಿತ್ತು, ಜಾಗದಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ.

ಸೀತಾಲಕ್ಷ್ಮಿ ಪುಕ್ಕಟೆ ಟಿಕೆಟ್ಟು ಹಿಡಿದು, ಕಿಕ್ಕಿರಿದ ಬಸ್ಸಿನಲ್ಲಿ ಕಂಬಿಗೆ ಒರಗಿ ಓಡಾಡಿದಳು. ಸೋಗಾನೆಯ ಆ ನಿಲ್ದಾಣಕ್ಕೆ ಇಳಿಯುವ ವಿಮಾನ ಕಂಡರೆ, "ನೋಡ್ರೀ, ನಮ್ಮ ಡಯಾಲಿಸಿಸ್ ಹಾರ್ತಾ ಇದೆ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ, ವಾಪಸು ಬರುವ ಬಸ್ಸಿನಲ್ಲೇ ಕುಸಿದಳು. ಮತ್ತೆ ಏಳಲಿಲ್ಲ.

ಅವಳ ವರ್ಷಾಂತಿಕ ಮುಗಿದು ಎರಡು ತಿಂಗಳಿಗೆ ಜನಾರ್ದನ ಗುದ್ದಲಿ ಪೂಜೆಗೆ ಕರೆಕಳಿಸಿದ. ಅದೇ ಜಾಗ, ಅದೇ ಕೇಂದ್ರ, ಬೋರ್ಡು ಮಾತ್ರ ಹೊಸದು. ಬೇಡವೆನ್ನಬಹುದಿತ್ತು. ಇನ್ನೊಬ್ಬಳಾದರೂ ನಡೆದು ಹೋಗಲಿ ಎಂದುಕೊಂಡು ಭಟ್ಟರು ಹೋದರು. ಶಾಸ್ತ್ರ ಬಿಡುವ ಹಾಗಿಲ್ಲವಲ್ಲ, ಈಶಾನ್ಯ ಮೂಲೆಯಲ್ಲೇ ಅಗೆಯಲು ಹೇಳಿದರು. ಕೂಲಿಯ ಸಿದ್ದಯ್ಯ ನಾಲ್ಕು ಸಲ ಹಾರೆ ಹಾಕಿದ್ದನಷ್ಟೆ, ಠಣ್ ಎಂದಿತು.

ಅವನು ಮಣ್ಣು ಮೆತ್ತಿದ ಚೊಂಬನ್ನು ಮೇಲೆತ್ತಿದ್ದೇ ತಡ, ಗುಂಪಿನಲ್ಲಿ ಯಾರೋ, "ಕೊನೆಗೂ ಸರ್ಕಾರ ಕೊಟ್ಟಿದ್ದು ಚೊಂಬೇ ಕಣ್ರೋ!" ಎಂದ. ಎಲ್ಲರೂ ಹೋ ಎಂದು ನಕ್ಕರು. ಪ್ರತಿಭಟನೆಗೆಂದು ಬಂದಿದ್ದ ವೀರೇಂದ್ರ ನುಗ್ಗಿ ಬಂದು ಅದಕ್ಕೆ ಕೈಹಾಕಿದ. "ಯೋಜನೆ ನಮ್ದು ಅನ್ನೋದಕ್ಕೆ ಇದೇ ಸಾಕ್ಷಿ!"

"ದುಡ್ಡು ನುಂಗಿದ್ದಕ್ಕೆ ಸಾಕ್ಷಿ, ಬಿಡೋ!" ಎಂದು ಜನಾರ್ದನ ಇನ್ನೊಂದು ಕಡೆಯಿಂದ ಎಳೆದ. ಮೊಬೈಲುಗಳು ಮೇಲೆದ್ದವು.

ಭಟ್ಟರು ಮಧ್ಯೆ ನುಗ್ಗಿ ಚೊಂಬನ್ನು ಕಿತ್ತುಕೊಂಡರು. "ಮುಟ್ಬೇಡಿ! ನನ್ನ ಹೆಂಡ್ತಿದು ಇದು." ಶಲ್ಯದ ತುದಿಯಿಂದ ಒರೆಸಿದರು. ಅವಳ ಹೆಸರು ಒಂದೊಂದೇ ಅಕ್ಷರವಾಗಿ ಮೂಡಿತು. ಒಳಗೆ ನವಧಾನ್ಯ ಕೊಳೆತು ಕಪ್ಪಾಗಿತ್ತು. ಇವರಿಬ್ಬರೂ ಸುಳ್ಳು ಹೇಳಿದರು, ಸರಿ. ಆರು ತಿಂಗಳು ತಡ್ಕೋ ಎಂದವನು ಯಾರು?

ಭಟ್ಟರು ಗುಂಡಿಗೆ ಬೆನ್ನು ಮಾಡಿ ಹೊರಟರು. ಕಂಟ್ರಾಕ್ಟರ್ ಹಿಂದೆಯೇ ಓಡಿಬಂದ. "ಭಟ್ರೇ, ಎಲ್ಲಿಗ್ಹೋಗ್ತೀರಿ? ಮುಹೂರ್ತ ಮೀರ್ತಾ ಇದೆ!"

"ಮೀರಿ ಹದಿನಾಲ್ಕು ತಿಂಗಳಾಯ್ತು" ಎಂದರು ಭಟ್ಟರು.