ತಾರಸಿಯ ಮೇಲೆ ಕಡಲ ಮೇವು

ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಎರಡು ಕೋಣೆಗಳಿಗೆ ಆ ಗಂಡಹೆಂಡಿರು ಬಾಡಿಗೆಗೆ ಬಂದಾಗ ನಾನು ಕೆಲಸದಿಂದ ನಿವೃತ್ತಳಾಗಿ ಹೆಚ್ಚು ಕಾಲವಾಗಿರಲಿಲ್ಲ. ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಬೆಳಿಗ್ಗೆ ಎದ್ದು ಸೀರೆಯುಟ್ಟು ಸಿದ್ಧಳಾಗುವ ಅಭ್ಯಾಸ ಬಿಟ್ಟಿರಲಿಲ್ಲ, ಆದರೆ ಸಿದ್ಧಳಾದ ಮೇಲೆ ಹೋಗಲು ಜಾಗವಿರಲಿಲ್ಲ. ಮನೆಯವರು ಅಂಗಡಿಗೆ ಹೊರಟರೆ ಸಂಜೆಯವರೆಗೂ ನಾನು ಒಬ್ಬಳೇ.

ಬಂದವರು ಗದಗದ ಕಡೆಯವರು. ಗಂಡ ಬೈಕಿನಲ್ಲಿ ಊಟ ತಿಂಡಿ ತಲುಪಿಸುವ ಕೆಲಸದವನು. ಹುಡುಗಿ ಪ್ರಾಣಿಶಾಸ್ತ್ರ ಓದಿದ್ದಳು, ವಿಜಯನಗರದ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವರ ಸಾಮಾನಿನ ಜೊತೆ ಗಾಜಿನ ತೊಟ್ಟಿಯೊಂದು ಬಂತು. ಅದರೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯಿದ್ದ ಒಂದು ಜೋಡಿ ಸಮುದ್ರದ ಮೀನು. ಅವುಗಳಿಂದ ಮರಿ ಮಾಡಿಸಬೇಕೆಂಬುದು ಹುಡುಗಿಯ ಆಸೆಯಾಗಿತ್ತು.

ಒಂದು ದಿನ ಬಟ್ಟೆ ಒಣಹಾಕಲು ಹೋದಾಗ ತಾರಸಿಯಲ್ಲಿ ಎರಡು ದೊಡ್ಡ ಕ್ಯಾನುಗಳ ತುಂಬ ಹಸಿರು ನೀರು ಗುಳುಗುಳು ಅನ್ನುತ್ತಿತ್ತು. ಸಣ್ಣ ಪಂಪು ಅದಕ್ಕೆ ಗಾಳಿ ಊದುತ್ತಿತ್ತು.

"ಇದೇನಮ್ಮ, ಪಾಚಿ ಕಟ್ಕೊಂಡಿದೆಯಲ್ಲ?" ಅಂದೆ.

"ಪಾಚಿನ ರೀ ಆಂಟಿ, ಆದ್ರ ಬೇಕಂತನ ಬೆಳೆಸೇನಿ. ಪ್ಲ್ಯಾಂಕ್ಟನ್ ಅಂತಾರ. ಸಮುದ್ರದಾಗಿನ ಹುಲ್ಲು ಅಂತ ತಿಳ್ಕೋರಿ."

ಆಮೇಲೆ ನನ್ನನ್ನು ಒಳಗೆ ಕರೆದು ಒಂದು ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಲ್ಲಿ ಚಿರೋಟಿ ರವೆಗಿಂತ ಸಣ್ಣ ಬಿಳಿ ಪುಡಿ ಓಡಾಡುತ್ತಿತ್ತು. ಅವು ರೋಟಿಫರ್ ಎಂಬ ಜೀವಿಗಳಂತೆ. ತಾರಸಿಯ ಹಸಿರು ಅವುಗಳ ಮೇವು. ಹೊಸದಾಗಿ ಹುಟ್ಟಿದ ಮೀನಿನ ಮರಿಗೆ ಅವೇ ಊಟ, ಅದರ ಬಾಯಿಗೆ ಅವಕ್ಕಿಂತ ದೊಡ್ಡದೇನೂ ಹಿಡಿಸುವುದಿಲ್ಲ. ಸಮುದ್ರದಲ್ಲೂ ಹೀಗೆಯೇ ಎಂದಳು. ಕರಾವಳಿಯವರು ತಿನ್ನುವ ಭೂತಾಯಿ ಮೀನು ಇಂಥದ್ದನ್ನೇ ಸೋಸಿಕೊಂಡು ತಿನ್ನುತ್ತದೆ, ಭೂತಾಯಿಯನ್ನು ದೊಡ್ಡ ಮೀನು ತಿನ್ನುತ್ತದೆ. ನಾವು ಉಸಿರಾಡುವ ಗಾಳಿಯಲ್ಲೂ ಕಡಲಿನ ಈ ಹಸಿರಿನ ಪಾಲು ದೊಡ್ಡದು. ಅಷ್ಟು ವರ್ಷ ಶಾಲೆಯಲ್ಲಿದ್ದರೂ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಲ್ಪೆಗೆ ಹೋದಾಗ ನಾನು ಕಂಡಿದ್ದು ಬರೀ ಅಲೆ.

ಅವಳು ಗರ್ಭಿಣಿಯಾಗಿ ಹೆರಿಗೆಗೆ ತವರಿಗೆ ಹೊರಡುವ ವಾರವೇ ಮೀನುಗಳು ಮಣ್ಣಿನ ಕುಡಿಕೆಯೊಳಗೆ ಮೊಟ್ಟೆಯಿಟ್ಟವು. ಗಂಡ ಬೆಳಿಗ್ಗೆ ಹೋದರೆ ರಾತ್ರಿಯೇ ಬರುತ್ತಿದ್ದುದು. ಅವಳು ಕೆಳಗಿಳಿದು ಬಂದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಆಂಟಿ, ನೀವು ನೋಡ್ಕೋತೀರೇನ್ರಿ?"

"ಅಯ್ಯೋ, ನನ್ ಕೈಲಿ ಆಗುತ್ತಾ? ಏನಾದ್ರೂ ಆದ್ರೆ?"

"ಆದ್ರ ಆಗ್ಲಿರಿ. ನಿಮ್ಮ ಕೈಗೆ ಕೊಟ್ಟು ಹೋದ್ರ ನನಗ ಚಿಂತಿ ಇರಂಗಿಲ್ಲ."

ಶಾಲೆಯ ಕೆಲಸ ಬಿಟ್ಟ ಮೇಲೆ ನನ್ನನ್ನು ನಂಬಿ ಯಾರೂ ಏನನ್ನೂ ಒಪ್ಪಿಸಿರಲಿಲ್ಲ. ಹೂಂ ಅಂದೆ.

ಮೊಟ್ಟೆ ಬಲಿತಾಗ ಅವಳ ಗಂಡ ಕುಡಿಕೆಯನ್ನು ಬೇರೆ ಟಬ್ಬಿನಲ್ಲಿಟ್ಟು, ಕತ್ತಲಲ್ಲೇ ಮೊಟ್ಟೆ ಒಡೆಯುವುದೆಂದು ದೀಪ ಆರಿಸಿದ. ಮರುದಿನ ನೋಡಿದರೆ ಟಬ್ಬಿನ ತುಂಬ ಕಣ್ಣುರೆಪ್ಪೆಯ ಕೂದಲಿನಂಥ ಮರಿಗಳು. ನಾನು ಹಸಿರು ನೀರು ತಂದು ರೋಟಿಫರ್‌ಗಳಿಗೆ ಹಾಕುವುದು, ರೋಟಿಫರ್‌ಗಳನ್ನು ಬಟ್ಟೆಯಲ್ಲಿ ಸೋಸಿ ಮರಿಗಳಿಗೆ ಹಾಕುವುದು. ಮಂಡಿನೋವಿದ್ದರೂ ದಿನಕ್ಕೆ ಮೂರು ನಾಲ್ಕು ಸಲ ಮೆಟ್ಟಿಲು ಹತ್ತುತ್ತಿದ್ದೆ.

ಅದು ಡೆಂಗ್ಯೂ ಹರಡಿದ್ದ ಮಳೆಗಾಲ. ನಿಂತ ನೀರಿದೆಯೇ ಎಂದು ನೋಡಲು ಆರೋಗ್ಯ ಕಾರ್ಯಕರ್ತೆಯೊಬ್ಬರು ಮನೆಮನೆಗೆ ಬರುತ್ತಿದ್ದರು. ಬಾಗಿಲು ತೆರೆದೇ ಇತ್ತು, ಅವರು ನೇರ ತಾರಸಿಗೆ ಹತ್ತಿಬಿಟ್ಟರು. ನಾನು ಹಿಂದೆಯೇ ಹತ್ತಿ ತಲುಪುವ ಹೊತ್ತಿಗೆ ಅವರು ಒಂದು ಕ್ಯಾನು ಬಗ್ಗಿಸಿದ್ದರು, ಹಸಿರು ನೀರು ಮೋರಿಯ ಕಡೆ ಹರಿಯುತ್ತಿತ್ತು.

"ಬೇಡಮ್ಮ, ಇನ್ನೊಂದು ಮುಟ್ಟಬೇಡಿ," ಅಂದೆ. ಏದುಸಿರು ಬರುತ್ತಿತ್ತು.

"ಏನ್ ಆಂಟಿ ನೀವು, ಓದಿದೋರು. ಇಷ್ಟು ಪಾಚಿ ನೀರು ಇಟ್ಕೊಂಡಿದೀರಲ್ಲ. ಪಕ್ಕದ ರೋಡಲ್ಲೇ ಎರಡು ಮಕ್ಕಳು ಆಸ್ಪತ್ರೇಲಿದಾವೆ."

ಅವರು ಹೇಳಿದ್ದು ಸರಿಯೇ. ಅವರನ್ನು ಹುಡುಗಿಯ ಕೋಣೆಯಲ್ಲಿ ಕೂರಿಸಿ ಕುಡಿಯಲು ನೀರು ಕೊಟ್ಟೆ. ಲೋಟವನ್ನು ಬೆಳಕಿಗೆ ಹಿಡಿದು ರೋಟಿಫರ್ ತೋರಿಸಿದೆ, ಮರಿಗಳನ್ನು ತೋರಿಸಿದೆ. ಹುಡುಗಿ ನನಗೆ ಹೇಳಿದ್ದನ್ನೆಲ್ಲ, ಸಮುದ್ರದ ಹುಲ್ಲಿನಿಂದ ಹಿಡಿದು ಭೂತಾಯಿ ಮೀನಿನವರೆಗೆ, ತಡವರಿಸುತ್ತಲೇ ಹೇಳಿದೆ. ಹೇಳುತ್ತ ಹೋದಂತೆ ಅದು ನನಗೇ ಚೆನ್ನಾಗಿ ಅರ್ಥವಾಯಿತು. ಆ ಕ್ಯಾನು ಖಾಲಿಯಾದರೆ ಮರಿಗಳಿಗೆ ಊಟವಿಲ್ಲ. ಕಡಲಲ್ಲಿ ಈ ಹಸಿರು ಹೋದರೂ ಕಥೆ ಅಷ್ಟೇ.

ಅವರು ಟಬ್ಬಿನ ಮೇಲೆ ಬಗ್ಗಿ ಮರಿಗಳನ್ನು ನೋಡಿದರು. ಆಮೇಲೆ ಉಳಿದ ಕ್ಯಾನಿಗೆ ಟಾರ್ಚು ಬಿಟ್ಟು ಸೊಳ್ಳೆಮರಿ ಇಲ್ಲವೆಂದು ಖಾತ್ರಿ ಮಾಡಿಕೊಂಡರು. "ಗೊತ್ತಿರ್ಲಿಲ್ಲ ಆಂಟಿ, ಚೆಲ್ಬಿಟ್ಟೆ. ಇದಕ್ಕೆ ತೆಳು ಬಟ್ಟೆ ಕಟ್ಟಿ," ಎಂದು ತಾವೇ ನನ್ನ ಹಳೇ ವಾಯಿಲ್ ಸೀರೆಯ ತುಂಡನ್ನು ಕ್ಯಾನಿನ ಬಾಯಿಗೆ ಬಿಗಿದುಕೊಟ್ಟರು.

ಹುಡುಗಿಗೆ ಫೋನ್ ಮಾಡಿದೆ. "ಗಾಬರಿ ಆಗಬ್ಯಾಡ್ರಿ," ಅಂದಳು. "ಇದ್ದದ್ದನ್ನ ಎರಡು ಪಾಲು ಮಾಡಿ ಉಪ್ಪುನೀರು ಸೇರಸ್ರಿ. ಬಿಸಿಲು ಬಿತ್ತಂದ್ರ ತಾನ ಬೆಳೀತೈತಿ."

ಅವಳು ಹೇಳಿದಂತೆ ಮಾಡಿದೆ, ಆದರೆ ಬಿಸಿಲೇ ಬೀಳಲಿಲ್ಲ. ಎರಡೂ ಕ್ಯಾನು ಎಳನೀರಿನಷ್ಟು ತಿಳಿಯಾದವು. ರೋಟಿಫರ್ ಕಡಿಮೆಯಾದವು, ಕೆಲವು ಮರಿ ತಳಕ್ಕೆ ಬಿದ್ದವು. ನಾನು ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಗೊತ್ತಾದಾಗ ಮನೆಯವರು, "ಬಿಸಿಲಿಲ್ಲ ಅಂದ್ರೆ ಲೈಟ್ ಹಾಕಿದ್ರೆ ಆಗಲ್ವೇನೇ?" ಅಂದರು. ತಾವೇ ಅಂಗಡಿಯಿಂದ ಟ್ಯೂಬ್‌ಲೈಟು ತಂದರು, ಕ್ಯಾನುಗಳನ್ನು ಮೆಟ್ಟಿಲ ಕೆಳಗಿಟ್ಟು ಪಕ್ಕದಲ್ಲಿ ಕಟ್ಟಿದರು. ನಿಧಾನವಾಗಿ ನೀರಿಗೆ ಹಸಿರು ಮರಳಿತು. ಮೊದಲ ಮರಿಯ ಕಣ್ಣಿನ ಹಿಂದೆ ಬಿಳಿ ಪಟ್ಟೆ ಮೂಡಿದ ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದ ಮನೆಯವರನ್ನು ವಾಪಸ್ ಕರೆದು ತೋರಿಸಿದೆ.

ಕೆಲವು ತಿಂಗಳ ಮೇಲೆ ಹೆಣ್ಣುಮಗುವನ್ನು ಎತ್ತಿಕೊಂಡು ತವರಿನಿಂದ ಬಂದ ಹುಡುಗಿ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಉಳಿದಿದ್ದ ಮರಿಗಳು ಕೆಲವೇ, ಆದರೆ ಚುರುಕಾಗಿದ್ದವು. "ನನಗಿಂತ ಚಲೋ ನೋಡೀರಿ, ಆಂಟಿ," ಎಂದು ಮಗುವನ್ನು ನನ್ನ ತೊಡೆಗೆ ಹಾಕಿದಳು.

ಈಗ ಅವರು ಬ್ಯಾಡರಹಳ್ಳಿಯಲ್ಲಿದ್ದಾರೆ, ಮೀನಿನ ಮರಿ ಸಾಕುವುದೇ ಅವಳ ಕಸುಬು. ವಾರಕ್ಕೊಮ್ಮೆ ಮಾಗಡಿ ರಸ್ತೆಯ ಬಸ್ಸು ಹಿಡಿದು ಹೋಗುತ್ತೇನೆ. ಅವಳು ರೊಟ್ಟಿ ಬಡಿಯುವಾಗ ನಾನು ಕ್ಯಾನುಗಳ ಬಣ್ಣ ನೋಡಿ ಯಾವುದಕ್ಕೆ ಏನು ಬೇಕೆಂದು ಹೇಳುತ್ತೇನೆ. ಅವಳು ಕೇಳುತ್ತಾಳೆ. ಆ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು ನನ್ನನ್ನೇ ಕೇಳಿದಳಲ್ಲ, ಅದಕ್ಕೆ ನಾನು ಅವಳಿಗೆ ಎಂದೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿಲ್ಲ. ಹೇಳಿದರೆ ನಗುತ್ತಾಳೆ.