ಮಂಜುಶ್ರೀ ಕತ್ತರಿಸಿದ ಹೊಸ ರೋಲರ್

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಸಕ್ಕರೆ ಕಾರ್ಖಾನೆ. ಅದರ ಕಬ್ಬು ವಿಭಾಗಕ್ಕೆ ಮಂಜುಶ್ರೀ ಮೊದಲ ಸಲ ಬಂದಾಗ ಮ್ಯಾನೇಜರ್ ಚಿಕ್ಕಬೋರಯ್ಯನವರು ಅವಳ ಬೆನ್ನ ಹಿಂದೆ ಇಣುಕಿ, ಪ್ರಿಂಟರ್ ರಿಪೇರಿಯವನು ಎಲ್ಲಿದ್ದಾನಮ್ಮ ಎಂದು ಕೇಳಿದ್ದರು. ಅವಳು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಪ್ರಿಂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವತ್ತೇ ನನಗೆ ಹುಡುಗಿ ಇಷ್ಟವಾದಳು. ನಾನು ಮಂಗಳಮ್ಮ, ಪರ್ಮಿಟ್ ಮೇಜಿನವಳು. ಯಾರನ್ನೂ ಸುಲಭಕ್ಕೆ ಮೆಚ್ಚುವವಳಲ್ಲ. ಬೇಕಾದರೆ ನಮ್ಮ ಮನೆಯವರನ್ನು ಕೇಳಿ.

ಪರ್ಮಿಟ್ ಎಂದರೆ ಕಬ್ಬು ಕಡಿಯಲು ರೈತನಿಗೆ ನಾವು ಕೊಡುವ ಚೀಟಿ. ಅದು ಕೈಗೆ ಬಂದ ಮೇಲೇ ಅವನು ಆಳು ಕರೆಯುವುದು, ಗಾಡಿ ಗೊತ್ತು ಮಾಡುವುದು. ಚೀಟಿಯ ಮೇಲೆ ಮೊದಲೇ ಅಚ್ಚಾದ ನಂಬರ್ ಇರುತ್ತದೆ. ಕಂಪ್ಯೂಟರಿನ ನಂಬರೂ ಅದೂ ಒಂದೇ ಆಗಿದ್ದರಷ್ಟೇ ಗೇಟಿನವನು ಗಾಡಿಯನ್ನು ಒಳಗೆ ಬಿಡುತ್ತಾನೆ. ಪ್ರಿಂಟರ್ ಒಂದರ ಬದಲು ಎರಡು ಹಾಳೆ ಎಳೆದುಕೊಂಡರೆ ಒಂದು ಖಾಲಿ ಹೋಗಿ, ಅಲ್ಲಿಂದಾಚೆಗೆ ಎಲ್ಲರ ನಂಬರೂ ಅದಲು ಬದಲು. ಕಡಿದ ಕಬ್ಬು ಗೇಟಿನಾಚೆ ಬಿಸಿಲಲ್ಲಿ ಒಣಗುತ್ತದೆ. ರೈತರು ಬಂದು ನನ್ನ ಜನ್ಮ ಜಾಲಾಡುತ್ತಾರೆ.

ಮಂಜುಶ್ರೀ ವೈದ್ಯನಾಥಪುರದವಳು. ಅವಳು ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಅವಳಪ್ಪ ಕೆಂಪಯ್ಯನ ಗಾಡಿ ಹೀಗೆಯೇ ನಂಬರ್ ತಪ್ಪಿ ನಮ್ಮ ಗೇಟಿನಿಂದ ವಾಪಸ್ ಹೋಗಿತ್ತು. ಈ ಕಸುಬಿಗೆ ಬಂದದ್ದು ಅದಕ್ಕಲ್ಲ ಎನ್ನುತ್ತಾಳೆ. ನಾನಂತೂ ನಂಬುವುದಿಲ್ಲ. ಓದು ಮುಗಿಸಿ ಮಂಡ್ಯದ ಒಂದು ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ ಸ್ಕೂಟರ್ ತೆಗೆದುಕೊಂಡು ಸ್ವಂತಕ್ಕೆ ನಿಂತಳು. ಅವಳ ಕೈಯಲ್ಲಿದ್ದ ಆಫೀಸುಗಳಲ್ಲೆಲ್ಲ ನಮ್ಮದೇ ದೊಡ್ಡದು. ಇದು ಕೈಬಿಟ್ಟರೆ ಮದ್ದೂರು, ಮಳವಳ್ಳಿಯಲ್ಲೆಲ್ಲ ಸುದ್ದಿಯಾಗುತ್ತದೆ, ಯಾರೂ ಕರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಕಡೆ ಒಂದು ಸಾಮಾನು ಪೂರ್ತಿ ಕೆಟ್ಟು ಮೂಲೆ ಸೇರುವ ತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಮಂಜುಶ್ರೀ ಹಾಗಲ್ಲ. ಅಚ್ಚಾದ ಅಕ್ಷರವನ್ನು ಹೆಬ್ಬೆರಳಲ್ಲಿ ಉಜ್ಜುತ್ತಾಳೆ. ಕರಿ ಕೈಗೆ ಬಂದರೆ ಬಿಸಿ ಮಾಡುವ ಭಾಗದ ಆಯಸ್ಸು ಮುಗಿಯಿತು ಎನ್ನುತ್ತಾಳೆ. ಹಾಳೆ ಎಳೆಯುವ ರಬ್ಬರ್ ರೋಲರಿನ ಕೆಳಗೆ ಕಾಗದವಿಟ್ಟು ಹಿಂದಕ್ಕೆ ಜಗ್ಗುತ್ತಾಳೆ, ಜಾರಿದರೆ ಬದಲಾಯಿಸಬೇಕು. ತೆಗೆದ ಹಳೆಯ ರೋಲರನ್ನು ಅಲ್ಲೇ ಬ್ಲೇಡಿನಲ್ಲಿ ಸೀಳಿ ಬಿಸಾಕುತ್ತಾಳೆ. ಇಲ್ಲದಿದ್ದರೆ ಅವಳು ಅತ್ತ ಹೋದ ಮೇಲೆ ನಮ್ಮವರೇ ಅದನ್ನು ಸೋಪು ಹಚ್ಚಿ ತೊಳೆದು ಎತ್ತಿಟ್ಟು, ಇನ್ಯಾವಾಗಲೋ ಹಾಕಿಬಿಡುತ್ತಾರೆ.

ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ ಬಂದು, ರೋಲರ್ ಜಾರುತ್ತಿದೆ, ಇವತ್ತೇ ಬದಲಾಯಿಸಬೇಕು ಎಂದಳು. ವಿಜಯದಶಮಿಯ ಮಾರನೆಯ ದಿನವೇ ಕಬ್ಬು ಅರೆಯುವುದು ಶುರು. ಪೂಜೆಯಾದ ಮಿಷನ್ನನ್ನು ಅಲ್ಲಿಯ ತನಕ ಯಾರೂ ಮುಟ್ಟುವಂತಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚುವುದು ಯಾಕೆ ಎಂದು ಮ್ಯಾನೇಜರು ಹಟ ಹಿಡಿದರು. ಇವಳೂ ಬಿಡಲಿಲ್ಲ. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು:

"ಬಿಚ್ಚಮ್ಮ. ಆದ್ರೆ ಮೊದಲ ದಿನ ಒಂದು ಪರ್ಮಿಟ್ ತಪ್ಪಿದ್ರೂ ಈ ಬಾಗ್ಲು ಮರ್ತುಬುಡು."

ಆಗಲಿ ಎಂದು ಹೊಸ ರೋಲರ್ ಹಾಕಿ, ಹಳೆಯದನ್ನು ಸೀಳಿ ಹೊರಟುಹೋದಳು.

ಮಾರನೆಯ ದಿನ ಪೂಜೆ. ಜವಾನ ದೇವರಾಜು ದಿನಗೂಲಿಯವನು, ಹಬ್ಬ ಎಂದರೆ ಮೈಮೇಲೆ ಜ್ಞಾನವಿರುವುದಿಲ್ಲ. ಕಾರ್ಖಾನೆಯ ಕುಡುಗೋಲು, ಮಚ್ಚು, ತೂಕದ ಕಲ್ಲು ಎಲ್ಲವನ್ನೂ ತೊಳೆದು, ಎಣ್ಣೆ ಸವರಿ ಸಾಲಾಗಿ ಜೋಡಿಸಿದ. ಪ್ರಿಂಟರಿಗೂ ಚೆಂಡು ಹೂವಿನ ಹಾರ ಬಿತ್ತು. ಬೂದುಗುಂಬಳ ಒಡೆದು, ಪುರಿ ಕಡಲೆ ತಿಂದು ಮನೆಗೆ ಹೋದೆವು.

ಅರೆಯುವ ಮೊದಲ ದಿನ ಬೆಳಿಗ್ಗೆ ಬಟನ್ ಒತ್ತಿದೆ. ಮೊದಲು ಎರಡು ಹಾಳೆ ಒಟ್ಟಿಗೆ ಬಂದವು, ಆಮೇಲೆ ಮೂರು, ಆಮೇಲೆ ಏನೂ ಇಲ್ಲ. ಕಿಟಕಿಯಾಚೆ ರೈತರು ಕತ್ತು ಉದ್ದ ಮಾಡಿ ನಿಂತಿದ್ದರು. ಮ್ಯಾನೇಜರು ಫೋನ್ ಮಾಡಿ ಅವಳನ್ನು ಹಿಗ್ಗಾಮುಗ್ಗಾ ಬೈದರು. ಮಳವಳ್ಳಿಯ ಇನ್ನೊಂದು ಆಫೀಸಿಗೆ ಹೊರಟಿದ್ದವಳು ದಾರಿಯಲ್ಲೇ ಸ್ಕೂಟರ್ ತಿರುಗಿಸಿ ಬಂದಳು.

ಹಳೆಯದನ್ನೇ ಹಾಕು ಎಂದರು ಮ್ಯಾನೇಜರು. ಹಳೆಯದು ಎರಡು ಹೋಳಾಗಿ ಕಸದ ಜೊತೆ ಹೋಗಿತ್ತು. ಅವಳು ಹೊಸ ರೋಲರಿನ ಮೇಲೆ ಬೆರಳಾಡಿಸಿ ಮೂಸಿದಳು, ನನ್ನ ಮೂಗಿಗೂ ಹಿಡಿದಳು. ಅಪ್ಪಟ ಹರಳೆಣ್ಣೆ! ನಾನು ದೇವರಾಜುವಿನ ಕಡೆ ತಿರುಗಿದೆ. ಅವನು ನೀರಿನ ಕ್ಯಾನಿನ ಪಕ್ಕ ನಿಂತು ಗೋಡೆ ನೋಡುತ್ತಿದ್ದ. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಮಂಜುಶ್ರೀ ನನ್ನ ಕೈ ಅದುಮಿದಳು. ಅವನ ಕೂಲಿ ಹೋಗುತ್ತದೆ ಎಂಬುದು ಅವಳಿಗೆ ಹೊಳೆದಿತ್ತು. ರೋಲರ್ ಎಣ್ಣೆ ಕುಡಿದಿದೆ ಎಂದಷ್ಟೇ ಹೇಳಿ ಪ್ಲಗ್ ಕಿತ್ತಳು.

ಮ್ಯಾನೇಜರು ಕೂಗಾಡಿದರು. ಬಟ್ಟೆಯಲ್ಲಿ ಒರೆಸಿ ಓಡಿಸು, ಒಂದು ಹಾಳೆಯನ್ನೂ ಎಳೆಯದ ಹೊಸ ಸಾಮಾನನ್ನು ಯಾರಾದರೂ ಬಿಸಾಕುತ್ತಾರೆಯೇ ಎಂದರು. ಅವಳು ದನಿ ಏರಿಸಲಿಲ್ಲ.

"ಒರೆಸಿದ್ರೆ ಒಂಚೂರು ಓಡಿ ಮತ್ತೆ ಜಾರ್ತದೆ ಸಾರ್. ಕಾಗದ ಹಿಡೀದೇ ಇದ್ಮೇಲೆ ಅದು ಸವೆದಂಗೇ ಲೆಕ್ಕ. ಮೊನ್ನೆ ಆಕಿದ್ದಾದ್ರೂ ಬದಲಾಯ್ಸ್ಲೇಬೇಕು."

"ಅಂಗಾರೆ ನಾಳೆಯಿಂದ ಬರ್ಬೇಡ."

"ಬರಲ್ಲ ಸಾರ್. ಇದನ್ನ ಸರಿ ಮಾಡಿ ಓಯ್ತೀನಿ."

ಮಳವಳ್ಳಿಯ ಆಫೀಸಿಗೆಂದು ತಂದಿದ್ದ ರೋಲರ್ ಅವಳ ಸ್ಕೂಟರಿನಲ್ಲಿತ್ತು. ಅದನ್ನೇ ತಂದು ಪ್ರಿಂಟರ್ ಬಿಚ್ಚಲು ಕೂತಳು. ಅಷ್ಟರಲ್ಲಿ ದೇವರಾಜು ಮ್ಯಾನೇಜರ ಮೇಜಿನ ಮುಂದೆ ಬಂದು ನಿಂತ.

"ನಾನೇ ಸಾರ್ ಎಣ್ಣೆ ಅಚ್ಚಿದ್ದು. ಕುಡ್ಲು ಮಚ್ಚಿಗೆಲ್ಲ ಅಚ್ತಿದ್ನಲ್ಲ, ಒಸ ಉರುಳೆ, ಸಲೀಸಾಗಿ ತಿರುಗ್ಲಿ ಅಂತ ಇದ್ಕೂ ಅಚ್ಬುಟ್ಟೆ. ಆ ಮಗೀನ ಕಳಿಸ್ಬ್ಯಾಡಿ."

ಮ್ಯಾನೇಜರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಪ್ರಿಂಟರಿನೊಳಗೆ ತಲೆ ಹಾಕಿದ್ದ ಮಂಜುಶ್ರೀ, ಅತ್ತ ತಿರುಗದೆ ಕರೆದಳು.

"ದೇವರಾಜಣ್ಣ, ಬಾ ಇಲ್ಲಿ, ಟಾರ್ಚ್ ಇಡ್ಕೊ."

ಅವನು ಓಡಿಬಂದು ಹಿಡಿದ. ಮ್ಯಾನೇಜರು ಇಬ್ಬರನ್ನೂ ನೋಡುತ್ತಾ ಕೂತರು. ಕೆಲಸ ಮುಗಿದ ಮೇಲೆ ಹಾಳೆಗಳು ಒಂದೊಂದಾಗಿ ಬರತೊಡಗಿದವು. ನಾನು ಪ್ರತಿಯೊಂದರ ನಂಬರನ್ನೂ ಕಂಪ್ಯೂಟರಿಗೆ ತಾಳೆ ನೋಡಿದೆ, ಒಂದೂ ತಪ್ಪಿರಲಿಲ್ಲ. ಕಿಟಕಿಯಿಂದ ಚೀಟಿ ಹಂಚುವಾಗ ನನ್ನ ಬೈಗುಳ ಕೇಳದೆ ರೈತರಿಗೇ ಗಾಬರಿಯಾಗಿರಬೇಕು.

ಮಂಜುಶ್ರೀ ಚೀಲ ಕಟ್ಟಿಕೊಂಡಳು. ಕಟ್ಟುವ ಮೊದಲು ಬ್ಲೇಡ್ ತೆಗೆದು, ಎಣ್ಣೆ ಕುಡಿದ ಆ ಹೊಸ ರೋಲರನ್ನು ಮ್ಯಾನೇಜರ ಕಣ್ಣೆದುರೇ ಸೀಳಿದಳು. ಅವರು ಅಯ್ಯಯ್ಯೋ ಎಂದು ಎದೆ ಹಿಡಿದುಕೊಂಡರು. ಬಾಗಿಲ ತನಕ ಹೋದವಳನ್ನು ಅವರೇ ತಡೆದು, ಟೀ ಕುಡಿದು ಹೋಗಮ್ಮ ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಹೊರಟದ್ದನ್ನು ನಾನು ಕಂಡಿಲ್ಲ. ಅವಳು ಕೂತು ಕುಡಿದಳು. ಆಮೇಲೆ ಮಳವಳ್ಳಿಯವರಿಗೆ ಬೇರೆ ರೋಲರ್ ತರಲು ಮಂಡ್ಯದ ಕಡೆ ಗಾಡಿ ತಿರುಗಿಸಿದಳು.

ಈ ಸಲ ಪೂಜೆಗೆ ಇನ್ನೂ ಎರಡು ದಿನವಿರುವಾಗಲೇ ಮ್ಯಾನೇಜರು ತಾವಾಗಿ ಫೋನ್ ಮಾಡಿ ಅವಳನ್ನು ಕರೆಸಿದರು. ಅವಳು ಕಾಗದ ಇಟ್ಟು ಜಗ್ಗಿದಳು, ಜಾರಲಿಲ್ಲ. ಇನ್ನೂ ಗಟ್ಟಿಯಾಗಿದೆ, ಬದಲಾಯಿಸುವುದು ಬೇಡ ಎಂದು ಮುಚ್ಚಳ ಹಾಕಿದಳು. ಹೊರಡುವಾಗ ದೇವರಾಜು ಹಿಂದೆಯೇ ಹೋಗಿ, ಹರಳೆಣ್ಣೆ ಬಾಟಲಿಯನ್ನು ಅವಳ ಸ್ಕೂಟರಿನ ಡಿಕ್ಕಿಯೊಳಗೆ ಇಟ್ಟ.

"ಅಬ್ಬ ಮುಗಿಯೋಗಂಟ ನಿನ್ ತಾವೇ ಇರ್ಲಿ ಕಣವ್ವಾ," ಎಂದ.