ಪೌಣೆ ಮೂರು

ಹೈದರಾಬಾದಿಗೆ ಹೋದ ಹೊಸತರಲ್ಲಿ ನನ್ನ ಕಂಪನಿ ನನ್ನನ್ನು ಸಂಬಳ ಕೊಟ್ಟು ಸುಮ್ಮನೆ ಕೂರಿಸಿತ್ತು. ಅದಕ್ಕೆ ಬೆಂಚಿನ ಮೇಲಿರುವುದು ಎನ್ನುತ್ತಿದ್ದರು. ಮಾದಾಪುರದಲ್ಲಿ ನೋಡನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಜನರನ್ನು ಮೊದಲು ಸೇರಿಸಿಕೊಂಡು ಕೆಲಸವನ್ನು ಆಮೇಲೆ ಹುಡುಕುತ್ತಿದ್ದರು. ಕಾಫಿ ಕುಡಿದು ಕುಡಿದು ಬೇಸತ್ತು, ನಾರಾಯಣಗೂಡದಲ್ಲಿ ಕಣ್ಣು ಕಾಣದವರಿಗಾಗಿ ನಡೆಯುತ್ತಿದ್ದ ಒಂದು ಓದುವ ಕೋಣೆಗೆ ಸ್ವಯಂಸೇವಕಿಯೆಂದು ಹೆಸರು ಕೊಟ್ಟೆ. ಪುಣ್ಯದ ಆಸೆಯೇನಲ್ಲ, ನನ್ನ ಮೇಲೆ ನನಗೇ ಹೇಸಿಗೆ ಬರಲು ಶುರುವಾಗಿತ್ತು. ಮೈಸೂರಿನ ಆಚೆ ಬಾಳಿ ಗೊತ್ತಿಲ್ಲದ ನನಗೆ ಆ ಊರು ಪರದೇಶವೇ. ತೆಲುಗು ಬರುತ್ತಿರಲಿಲ್ಲ, ಹಿಂದಿ ಶಾಲೆಯ ಪುಸ್ತಕದ್ದು. ಆದರೆ ಕನ್ನಡ ಬರೆಯಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವಳನ್ನು ನನಗೆ ಒಪ್ಪಿಸಿದರು.

ಸೇಡಂ ಕಡೆಯ ಹುಡುಗಿ, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಹತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಗಾರೆ ಕೆಲಸದ ಅಣ್ಣನ ಜೊತೆ, ಅವನು ಮಾದಾಪುರದಲ್ಲೇ ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದಳು. ನಾನು ಅವಳ ಜೊತೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಕಟ್ಟಡ ಮುಗಿದಿತ್ತು. ಅಣ್ಣ ಮುಂದಿನ ವಾರ ಪುಣೆಗೆ ಹೊರಟಿದ್ದ, ಇವಳನ್ನು ಊರಿನಲ್ಲಿ ದೊಡ್ಡಮ್ಮನ ಮನೆಗೆ ಬಿಡುವುದೆಂದು ತೀರ್ಮಾನವಾಗಿತ್ತು. ತಪ್ಪಿಸಿಕೊಳ್ಳಲು ಅವಳಿಗಿದ್ದದ್ದು ಒಂದೇ ದಾರಿ: ಹಿಮಾಯತ್‌ನಗರದ ತರಬೇತಿ ಕೇಂದ್ರವೊಂದು ಕಣ್ಣಿಲ್ಲದವರಿಗೆ ಟೆಲಿಫೋನ್ ಆಪರೇಟರ್ ಕೆಲಸ ಕಲಿಸುತ್ತಿತ್ತು, ಊಟ ವಸತಿ ಸಮೇತ. ಹನ್ನೆರಡು ಸೀಟು. ಅದಕ್ಕೊಂದು ಬರವಣಿಗೆಯ ಪರೀಕ್ಷೆ. ಉತ್ತರವನ್ನು ತಾಯ್ನುಡಿಯಲ್ಲಿ ಬರೆಸಬಹುದು, ಬರೆಯುವವರನ್ನು ಮಾತ್ರ ಅಭ್ಯರ್ಥಿಯೇ ಕರೆತರಬೇಕು.

"ದೊಡ್ಡವ್ವ ಕೆಟ್ಟಾಕಿ ಅಲ್ರಿ," ಅಂದಿದ್ದಳು ಅವಳು. "ಉಣ್ಣಾಕ ಕೊಡ್ತಾಳ. ಆದ್ರ ಆ ಮೂಲ್ಯಾಗ ಕುಂತ್ರ ಹಗಲ್ಯಾವ್ದು ರಾತ್ರಿ ಯಾವ್ದು ಗೊತ್ತಾಗೂದಿಲ್ರಿ ಅಕ್ಕಾರ. ಯಾರೂ ಟೈಮ್ ಹೇಳೂದಿಲ್ಲ."

ಟೈಮು ಅವಳ ಹುಚ್ಚು. ಕಾಲು ಗಂಟೆಗೊಮ್ಮೆ "ಎಷ್ಟಾತ್ರಿ?" ಎಂದು ಕೇಳುತ್ತಿದ್ದಳು. ನನ್ನದು ಅಂಕಿ ತೋರಿಸುವ ಗಡಿಯಾರ. ಒಂಬತ್ತು ಇಪ್ಪತ್ತು, ಒಂಬತ್ತು ನಲವತ್ತು ಎಂದು ಓದಿ ಹೇಳುತ್ತಿದ್ದೆ. "ನೀವು ಟೈಮ್ ಹೇಳೂದು ಫೋನ್ ನಂಬರ್ ಹೇಳಿದಂಗ ಇರ್ತೈತಿ," ಎಂದು ಅವಳು ನಗುತ್ತಿದ್ದಳು. ಕೇಳಿದ ಟೈಮನ್ನೆಲ್ಲ ಕೂಡಿಸಿ ಕಳೆದು, ಜೊತೆಯಲ್ಲಿ ಹೋಗಿಬರುವಾಗ ಬಸ್ಸು ಎಷ್ಟು ಹೊತ್ತು ನಿಂತಿತು, ಎಷ್ಟು ಹೊತ್ತು ಓಡಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವಳು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ನಮ್ಮ ಆಫೀಸಿನಲ್ಲೂ ಇರಲಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ಜಂಬವೂ ಇತ್ತು.

ಪರೀಕ್ಷೆ ಬೆಳಿಗ್ಗೆ ಹತ್ತೂವರೆಗೆ ಶುರು. ಬರೆಯುವವರಿಗೆ ಓದುವ ಕೋಣೆಯ ಹಿರಿಯರು ಮೊದಲೇ ಒಂದು ಪಾಠ ಹೇಳಿದ್ದರು: ತಲೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಹೋಗಿ, ಒಳಗೆ ಕೈ ಮಾತ್ರ ಒಯ್ಯಿರಿ. ಅವರು ಹೇಳಿದ್ದನ್ನು ಬರೆಯಬೇಕು, ತಿದ್ದಬಾರದು. ಬರೆದದ್ದನ್ನು ಓದಿ ಹೇಳುವಂತೆಯೂ ಇರಲಿಲ್ಲ, ಪಕ್ಕದವರಿಗೆ ಕೇಳಿಸುತ್ತದೆಂದು. ನಾನು ಮೊಂಡಿ, ನಿಯಮ ಎಂದರೆ ನಿಯಮ. ಅವಳು ಒಂದು ಕಡೆ ತಪ್ಪು ಊರಿನ ಹೆಸರು ಹೇಳಿದಾಗಲೂ ತುಟಿ ಕಚ್ಚಿಕೊಂಡು ಹಾಗೇ ಬರೆದೆ, ಒಳಗೊಳಗೇ ನನ್ನ ಪ್ರಾಮಾಣಿಕತೆಗೆ ನಾನೇ ತಲೆದೂಗಿದೆ.

ಕೊನೆಗೆ ಲೆಕ್ಕ ಬಂತು. ಹತ್ತೂವರೆಗೆ ಹೊರಟ ರೈಲು ಒಂದೂ ಕಾಲಿಗೆ ತಲುಪಿದರೆ ಪ್ರಯಾಣದ ಅವಧಿ ಎಷ್ಟು ಎಂದು ಪ್ರಶ್ನೆ ಓದಿದೆ. ಓದಿ ಮುಗಿಸುವುದರೊಳಗೆ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು, "ಪೌಣೆ ಮೂರು ತಾಸು."

ತಾಸು ಎಂದರೆ ಗಂಟೆ ಎಂದು ಗೊತ್ತಿತ್ತು. ದೀಡ್ ಎಂದರೆ ಒಂದೂವರೆ ಎಂದೂ ಆ ಒಂದು ತಿಂಗಳಲ್ಲಿ ಕಲಿತಿದ್ದೆ. ಪೌಣೆ ಹೊಸದು, ಆದರೆ ನನಗೆ ಅನುಮಾನವೇ ಬರಲಿಲ್ಲ. ಕೋಠಿಯ ಸಂತೆಯಲ್ಲಿ ಪಾವ್ ಕಿಲೋ ಎಂದರೆ ಕಾಲು ಕಿಲೋ. ನಮ್ಮ ಮನೆಯಲ್ಲಿ ಅಜ್ಜಿ ಅಕ್ಕಿ ಅಳೆಯುತ್ತಿದ್ದ ಪಾವು ಕಾಲು ಸೇರು. ಅಂದಮೇಲೆ ಪೌಣೆ ಮೂರು ಎಂದರೆ ಮೂರೂ ಕಾಲು. ಉತ್ತರ ಅಂಕಿಯಲ್ಲಿರಬೇಕಿತ್ತು, ಹಾಗೇ ನೀಟಾಗಿ ಬರೆದೆ. ಮತ್ತೆರಡು ಲೆಕ್ಕದಲ್ಲೂ ಪೌಣೆ ಬಂತು, ಮತ್ತೆರಡು ಸಲ ಕಾಲು ಸೇರಿಸಿ ಬರೆದೆ. ರೈಲಿನ ಲೆಕ್ಕವನ್ನು ನನ್ನ ತಲೆ ತಾನಾಗಿ ಮಾಡಿಬಿಡಬಹುದಿತ್ತು. ತಲೆ ಬಾಗಿಲಲ್ಲಿತ್ತು.

ಹೊರಗೆ ಬಂದಾಗ ಅವಳ ಮುಖ ಅರಳಿತ್ತು. "ಲೆಕ್ಕ ಎಲ್ಲಾ ಬಂದಾವ್ರಿ. ನಿಮ್ಮ ಪೆನ್ನಿನ ಸಪ್ಪಳ ಕೇಳಾಕತ್ತಿದ್ದೆ, ಎಲ್ಲೂ ನಿಂದರಲಿಲ್ಲ. ನಿಮ್ಮಂಥಾ ಬರಿಯೋರು ಸಿಕ್ಕಿದ್ದು ನನ್ನ ನಸೀಬ." ಫಲಿತಾಂಶ ಅಂದೇ ಸಂಜೆ ಐದಕ್ಕೆ ಗೋಡೆಗೆ ಅಂಟಿಸುತ್ತೇವೆ ಅಂದಿದ್ದರು. ಅಲ್ಲೇ ಬೀದಿ ಸುತ್ತಿ, ಒಂದು ಟಿಫಿನ್ ಸೆಂಟರಿನಲ್ಲಿ ಊಟ ಮಾಡಿದೆವು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಗಲ್ಲಾದಲ್ಲಿದ್ದವರನ್ನು ಟೈಮು ಕೇಳಿದ್ದಳು. "ಪೌನೇ ತೀನ್," ಅಂದರು ಅವರು, ಗೋಡೆಯ ಗಡಿಯಾರ ನೋಡಿ.

"ಪೌಣೆ ಮೂರಾತಂತ್ರಿ ಅಕ್ಕಾರ. ಇನ್ನೂ ಭಾಳ ಹೊತ್ತೈತಿ."

ನನ್ನ ಕೈಗಡಿಯಾರ ಎರಡು ನಲವತ್ತೈದು ತೋರಿಸುತ್ತಿತ್ತು. ಮೊದಲು, ಅದು ಹಿಂದೆ ಬಿದ್ದಿದೆ ಅಂದುಕೊಂಡೆ. ಗೋಡೆಯ ಗಡಿಯಾರ ನೋಡಿದೆ. ಅದೂ ಎರಡೂ ಮುಕ್ಕಾಲು. ಪೌಣೆ ಎಂದರೆ ಕಾಲು ಹೆಚ್ಚಲ್ಲ, ಕಾಲು ಕಡಿಮೆ.

ಒಂದು ಫೋನ್ ಮಾಡಿ ಬರುತ್ತೇನೆಂದು ಸುಳ್ಳು ಹೇಳಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ ಕೇಂದ್ರಕ್ಕೆ ಓಡಿದೆ. ಪರೀಕ್ಷೆ ನಡೆಸಿದವರು ವಯಸ್ಸಾದವರು, ಟೀ ಕುಡಿಯುತ್ತಿದ್ದರು. ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. "ಕುದರದಮ್ಮಾ," ಆಗುವುದಿಲ್ಲ, ಅಂದರು ತೆಲುಗಿನಲ್ಲಿ. ಆಮೇಲೆ ನನಗೆ ತಿಳಿಯಲೆಂದು ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ಇಲ್ಲಿ ಬರೆಯುವವರ ಕೈಯೇ ಅಭ್ಯರ್ಥಿಯ ಕೈ, ನಿಮ್ಮ ಮಾತಿನ ಮೇಲೆ ಏನೂ ಮಾಡುವಂತಿಲ್ಲ. ನನ್ನ ಕಣ್ಣಲ್ಲಿ ನೀರು ನೋಡಿದರೋ ಏನೋ, ಇನ್ನೊಂದು ಮಾತು ಸೇರಿಸಿದರು. ನಾಲ್ಕು ಗಂಟೆಯೊಳಗೆ ಅಭ್ಯರ್ಥಿಯೇ ಬಂದು, ತಾನು ಹೇಳಿದ್ದು ಬೇರೆ, ಇವರು ಬರೆದದ್ದು ಬೇರೆ ಎಂದರೆ, ಆ ಲೆಕ್ಕಗಳನ್ನು ಅವಳ ಬಾಯಿಂದಲೇ ಮತ್ತೆ ಕೇಳುತ್ತೇನೆ.

ಅಂದರೆ ನಾನು ಅವಳಿಗೆ ಒಂದು ವಾಕ್ಯ ಹೇಳಬೇಕಿತ್ತು, ಅಷ್ಟೆ.

ವಾಪಸ್ ಬಂದಾಗ ಅವಳು ಗಲ್ಲಾದವರ ಜೊತೆ ಮಾತಾಡುತ್ತಿದ್ದಳು. ನನ್ನ ಹೆಜ್ಜೆ ಗುರುತಿಸಿ ಅವರಿಗೆ ಹೇಳಿದಳು, ಇವರೇ ನನ್ನ ಕೈ, ಇಂಜಿನಿಯರ್ ಇದ್ದಾರೆ ಎಂದು. ನಾನು ಪಕ್ಕದಲ್ಲಿ ಕೂತೆ. ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ಓದಿದವಳಿಗೆ ಒಂದು ಮುಕ್ಕಾಲು ಗೊತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಮೂರು ಲೆಕ್ಕ, ಮೂರೇ ಅಂಕ, ಐವತ್ತರಲ್ಲಿ. ಉಳಿದದ್ದೆಲ್ಲ ಚೆನ್ನಾಗಿ ಬರೆಸಿದ್ದಾಳೆ, ಖಂಡಿತ ಸಿಗುತ್ತದೆ, ಸುಮ್ಮನೆ ಯಾಕೆ ಅವಳನ್ನು ಗಾಬರಿಪಡಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅವಳ ಮೇಲಿನ ಕನಿಕರವಲ್ಲ, ನನ್ನ ಮರ್ಯಾದೆಯ ಚಿಂತೆ ಎಂದು ಆಗಲೂ ಗೊತ್ತಿತ್ತು.

"ಎಷ್ಟಾತ್ರಿ?"

"ಮೂರು ಇಪ್ಪತ್ತು."

"ಯಾಕ ದನಿ ಸಣ್ಣಗಾಗೈತಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?"

ಆರಾಮ ಇದ್ದಾರೆ ಅಂದೆ. ಮೂರು ಮೂವತ್ತೈದಕ್ಕೆ ಮತ್ತೆ ಕೇಳಿದಳು. ಮೂರು ಐವತ್ತಕ್ಕೂ ಕೇಳಿದಳು. ಕೇಂದ್ರ ಅಲ್ಲಿಂದ ಐದು ನಿಮಿಷದ ದಾರಿ. ಪ್ರತಿ ಸಲವೂ ಅಂಕಿ ಓದಿ ಹೇಳಿದೆ. ನಾಲ್ಕು ದಾಟಿದ ಮೇಲೆ ದೇವರಿಗೆ ಹರಕೆ ಹೊತ್ತೆ. ದೇವರನ್ನು ನಂಬದವಳು ನಾನು. ಎಲ್ಲೋ ಯಾರೋ ಇನ್ನೂ ಕೆಟ್ಟದಾಗಿ ಬರೆದಿರಲಿ ಎಂದು ಬೇಡಿಕೊಂಡೆ. ಹನ್ನೆರಡು ಸೀಟಿಗಾಗಿ ಬಂದಿದ್ದ ಉಳಿದವರ ಮುಖಗಳು, ಕೋಲುಗಳು, ಕೈಹಿಡಿದು ತಂದವರು, ಯಾರೂ ನನಗೆ ಬೇಡವಾಗಿದ್ದರು.

ಐದಕ್ಕೆ ಹಾಳೆ ಅಂಟಿಸಿದರು. ಅವಳು ನನ್ನ ಮೊಣಕೈ ಹಿಡಿದು ನಿಂತಿದ್ದಳು. ಹನ್ನೆರಡು ಹೆಸರುಗಳನ್ನು ಮೇಲಿನಿಂದ ಓದಿದೆ, ಕೆಳಗಿನಿಂದ ಓದಿದೆ. ಆಮೇಲೆ ಒಂದು ಗೆರೆ. ಗೆರೆಯ ಕೆಳಗೆ ಮೊದಲ ಹೆಸರು ಅವಳದು. ಹನ್ನೆರಡನೆಯವನಿಗೂ ಅವಳಿಗೂ ಎರಡು ಅಂಕದ ಅಂತರ.

"ಇನ್ನೊಮ್ಮಿ ನೋಡ್ರಿ," ಅಂದಳು. ಇನ್ನೊಮ್ಮೆ ನೋಡಿದೆ. ಇಲ್ಲ ಅಂದೆ.

ಅವಳು ಅಳಲಿಲ್ಲ. ನನ್ನ ಮೊಣಕೈ ಬಿಟ್ಟು ತನ್ನ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೇಳಿದಳು, "ಲೆಕ್ಕದಾಗ ಹೋತೇನ್ರಿ?"

ಈಗಲಾದರೂ ಹೇಳಬಹುದಿತ್ತು. ಸೀಟು ಬರುತ್ತಿರಲಿಲ್ಲ, ಲೆಕ್ಕ ಅವಳದೇ ಆಗಿ ಉಳಿಯುತ್ತಿತ್ತು.

"ಹ್ಞೂಂ," ಅಂದೆ. "ಲೆಕ್ಕದಲ್ಲೇ ಹೋಯಿತು ಅಂತ ಕಾಣುತ್ತೆ."

"ನನಗ ಲೆಕ್ಕಾದ್ರೂ ಬರ್ತೈತಿ ಅಂತ ತಿಳ್ಕೊಂಡಿದ್ನಿರಿ."

ಮಾದಾಪುರದ ಬಸ್ಸು ಹತ್ತಿಸಿ ಅವಳ ಪಕ್ಕದಲ್ಲೇ ಕೂತೆ. ಶೆಡ್ಡಿನ ತನಕ ಬಿಟ್ಟು ಬರುವುದೆಂದು ಬೆಳಿಗ್ಗೆಯೇ ಮಾತಾಗಿತ್ತು. ದಾರಿಯಲ್ಲಿ ಎರಡು ಕಡೆ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇಬಿಟ್ಟಿತು. ನಾನು ಗಡಿಯಾರ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಇಳಿಯುವವರೆಗೂ ಅವಳು ಒಮ್ಮೆಯೂ ಟೈಮು ಕೇಳಲಿಲ್ಲ.